ಎರಡು ಏರಿಳಿತಗಳ ನಡುವಿನ ದಿನಗಳು: ಬೈಪೋಲಾರ್ ಬದುಕಿನ ಪುಸ್ತಕಗಳು

ಉನ್ಮಾದ, ಖಿನ್ನತೆಗಳ ನಡುವೆ ತೂಗಾಡಿಸುವ ಬೈಪೋಲಾರ್ ಕಾಯಿಲೆಯೊಂದಿಗೆ ಬದುಕುವವರ ಬಗ್ಗೆ ಬಂದಿರುವ ಪುಸ್ತಕಗಳನ್ನು ಒಟ್ಟಿಗೆ ಇಟ್ಟು ಓದಿದರೆ ಮೊದಲು ಕಣ್ಣಿಗೆ ಬೀಳುವುದು ಅವುಗಳ ಪುಟಗಳ ಹಂಚಿಕೆ. ಉನ್ಮಾದದ ದಿನಗಳಿಗೆ ಅಧ್ಯಾಯಕ್ಕೆ ಅಧ್ಯಾಯವೇ ಮೀಸಲು. ನಿದ್ದೆಯಿಲ್ಲದ ರಾತ್ರಿಗಳು, ಮುಗಿಯದ ಮಾತು, ನೀರಿನಂತೆ ಹರಿದುಹೋಗುವ ಹಣ, ತನ್ನಿಂದ ಆಗದ್ದು ಯಾವುದೂ ಇಲ್ಲವೆಂಬ ಹುಮ್ಮಸ್ಸು, ಕೊನೆಗೆ ಆಸ್ಪತ್ರೆ. ಖಿನ್ನತೆಗೆ ಅದಕ್ಕಿಂತ ಕಡಿಮೆ ಜಾಗ. ಎರಡೂ ಇಲ್ಲದ ದಿನಗಳಿಗೆ ಕಡೆಯಲ್ಲಿ ನಾಲ್ಕಾರು ಪುಟ. ಬದುಕಿನ ಲೆಕ್ಕ ಬೇರೆ ಇದೆ. ಅಮೆರಿಕದ ಲೂಯಿಸ್ ಜಡ್ ಮತ್ತು ಸಂಗಡಿಗರು 146 ಮಂದಿ ರೋಗಿಗಳನ್ನು ಸರಾಸರಿ ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಹಿಂಬಾಲಿಸಿ, ಅವರ ಪ್ರತಿ ವಾರದ ಸ್ಥಿತಿಯನ್ನು ದಾಖಲಿಸಿ, 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಟ್ಟು ವಾರಗಳಲ್ಲಿ ಶೇ. 32ರಷ್ಟು ಖಿನ್ನತೆಯ ಲಕ್ಷಣಗಳಲ್ಲಿ ಕಳೆದಿದ್ದವು. ಉನ್ಮಾದ ಅಥವಾ ಅದರ ಸೌಮ್ಯ ರೂಪಕ್ಕೆ ಸಂದದ್ದು ಶೇ. 9 ಮಾತ್ರ, ಎರಡೂ ಬೆರೆತ ಸ್ಥಿತಿಗೆ ಶೇ. 6. ಉಳಿದ ಅರ್ಧಕ್ಕೂ ಹೆಚ್ಚು ವಾರಗಳಲ್ಲಿ ಯಾವ ಲಕ್ಷಣವೂ ಇರಲಿಲ್ಲ. ಪುಸ್ತಕಗಳು ಅತಿ ಹೆಚ್ಚು ಹೇಳುವುದು ಬದುಕಿನ ಒಂದು ಚಿಕ್ಕ ಭಾಗವನ್ನು ಎಂದಾಯಿತು. ಈ ಸಾಹಿತ್ಯವನ್ನು ಅಳೆಯಬೇಕಾದದ್ದು ಆ ಅರ್ಧಕ್ಕೂ ಹೆಚ್ಚಿನ ವಾರಗಳ ಬಗ್ಗೆ ಅದು ಏನು ಹೇಳುತ್ತದೆ ಎಂಬುದರಿಂದ ಎನ್ನುವುದು ನನ್ನ ವಾದ. ಕಾಯಿಲೆ ಮರುಕಳಿಸುವುದೋ ಇಲ್ಲವೋ, ಗುಳಿಗೆ ಮುಂದುವರಿಯುವುದೋ ನಿಲ್ಲುವುದೋ, ಮನೆಯವರು ಜೊತೆಗಿರುವರೋ ಕೈಬಿಡುವರೋ ಎಂಬ ಪ್ರಶ್ನೆಗಳಿಗೆ ಬಹುಪಾಲು ಉತ್ತರ ಸಿಗುವುದು ಆ ಶಾಂತ ದಿನಗಳಲ್ಲೇ.

ಈ ಅಳತೆ ಮಹಾರಾಷ್ಟ್ರದ ಮರಾಠವಾಡದಲ್ಲಿ ಗಡಿಗೆ ಹತ್ತಿರವಿರುವ ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಕನ್ನಡದ ಮನೆಗಳಿಗೆ ಇನ್ನೂ ಹೆಚ್ಚು ಸಲ್ಲುತ್ತದೆ. ಮಹಾರಾಷ್ಟ್ರದ ನಾಲ್ಕು ಹಳೆಯ ಪ್ರಾದೇಶಿಕ ಮಾನಸಿಕ ಆಸ್ಪತ್ರೆಗಳು ಠಾಣೆ, ಪುಣೆ, ನಾಗಪುರ, ರತ್ನಾಗಿರಿಯಲ್ಲಿವೆ. ನಾಲ್ಕೂ ಮರಾಠವಾಡದ ಹೊರಗೆ. ಈ ಕಡೆಯವರು ದವಾಖಾನೆಗೆಂದು ಲಾತೂರಿಗೋ ಸೊಲ್ಲಾಪುರಕ್ಕೋ ಹೋಗುತ್ತಾರೆ, ಇಲ್ಲವೇ ಗಡಿ ದಾಟಿ ಕಲಬುರಗಿಗೆ ಬರುತ್ತಾರೆ. ಕೈಮೀರಿದರೆ ಪುಣೆ, ಹೈದರಾಬಾದ್, ಬೆಂಗಳೂರಿನ ನಿಮ್ಹಾನ್ಸ್. ವೈದ್ಯರ ಎದುರು ಕೂರುವುದು ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ, ಅದೂ ಕೆಲವು ನಿಮಿಷ. ಉಳಿದ ಕಾಲವೆಲ್ಲ ನೋಡಿಕೊಳ್ಳುವವರು ತಾಯಿ, ಹೆಂಡತಿ, ಅಣ್ಣ, ಅತ್ತಿಗೆ. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ 12 ರಾಜ್ಯಗಳಲ್ಲಿ ಮಹಾರಾಷ್ಟ್ರವೂ ಇರಲಿಲ್ಲ, ಕರ್ನಾಟಕವೂ ಇರಲಿಲ್ಲ. ಆದರೂ ಅದರ ಅಂದಾಜು ನಮಗೂ ದಿಕ್ಸೂಚಿ. ವಯಸ್ಕರಲ್ಲಿ ಸುಮಾರು ಶೇ. 0.5ರಷ್ಟು ಮಂದಿಗೆ, ಅಂದರೆ ಇನ್ನೂರರಲ್ಲಿ ಒಬ್ಬರಿಗೆ, ಬದುಕಿನಲ್ಲಿ ಯಾವಾಗಲಾದರೂ ಈ ಕಾಯಿಲೆ ಬಂದಿದೆ. ಬಂದವರಲ್ಲಿ ಶೇ. 70ರಷ್ಟು ಜನ ಚಿಕಿತ್ಸೆಯಿಂದ ದೂರ ಉಳಿದಿದ್ದಾರೆ. ಸಾವಿರ ವಯಸ್ಕರಿರುವ ಊರೊಂದರಲ್ಲಿ ನಾಲ್ಕೈದು ಮನೆ ಎಂದು ತಿಳಿದುಕೊಳ್ಳಬಹುದು. ಆ ಮನೆಗಳಿಗೆ ಒಂದು ಒಳ್ಳೆಯ ಪುಸ್ತಕ ತಲುಪಿದರೆ ಅದು ಓದಿನ ಖುಷಿಗಷ್ಟೇ ನಿಲ್ಲದೆ ಆರೈಕೆಯ ಭಾಗವೂ ಆಗುತ್ತದೆ.

ನಡುವಿನ ದಿನಗಳು ಯಾಕೆ ಅಷ್ಟು ನಿರ್ಣಾಯಕ ಎಂಬುದಕ್ಕೆ ಕಾಯಿಲೆಯ ಸ್ವಭಾವದಲ್ಲೇ ಕಾರಣವಿದೆ. ಉನ್ಮಾದವಾಗಲಿ ಖಿನ್ನತೆಯಾಗಲಿ, ಚಿಕಿತ್ಸೆ ಇಲ್ಲದಿದ್ದರೂ ಅನೇಕ ವೇಳೆ ವಾರಗಳ ಅಥವಾ ತಿಂಗಳುಗಳ ಬಳಿಕ ತಾನಾಗಿ ಇಳಿಯುತ್ತದೆ. ಇಳಿಯುವ ಹೊತ್ತಿಗೆ ಮನೆಯವರು ಕೊನೆಯದಾಗಿ ಏನು ಮಾಡಿದ್ದರೋ ಅದಕ್ಕೇ ಗುಣಪಡಿಸಿದ ಕೀರ್ತಿ ಸಲ್ಲುತ್ತದೆ. ಗಾಳಿ ಬಡಿದಿದೆ, ಮಾಟ ಮಾಡಿಸಿದ್ದಾರೆ ಎಂಬ ನಂಬಿಕೆಯಲ್ಲಿ ಈ ಸೀಮೆಯವರು ಭೀಮಾ-ಅಮರಜಾ ಸಂಗಮದ ಗಾಣಗಾಪುರಕ್ಕೆ ಕರೆತರುತ್ತಾರೆ, ದರ್ಗಾಗಳಲ್ಲಿ ದಿನಗಟ್ಟಲೆ ಕೂರಿಸುತ್ತಾರೆ. ಇದನ್ನು ಬರೀ ಮೂಢನಂಬಿಕೆ ಎಂದು ತಳ್ಳಿಹಾಕುವ ಬರಹಗಳು ಒಂದು ಮುಖ್ಯ ಪುರಾವೆಯನ್ನು ಮರೆಯುತ್ತವೆ. ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಒಂದು ದೇವಸ್ಥಾನದಲ್ಲಿ ತಂಗಿದ್ದ 31 ಮಂದಿ ಅಸ್ವಸ್ಥರನ್ನು ಅಧ್ಯಯನ ಮಾಡಿ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಔಷಧಿಯಿಲ್ಲದೆ, ಹೊಡೆತ ಬಡಿತವಿಲ್ಲದೆ, ಮನೆಯವರ ಜೊತೆ ನೆಮ್ಮದಿಯಾಗಿ ಅಲ್ಲಿದ್ದವರ ಲಕ್ಷಣಗಳು ಸುಮಾರು ಐದನೇ ಒಂದು ಭಾಗದಷ್ಟು ತಗ್ಗಿದ್ದವು. ಅದಕ್ಕೆ ಒಂದೇ ವರ್ಷ ಮೊದಲು, 2001ರ ಆಗಸ್ಟ್ 6ರಂದು, ಅದೇ ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇರಿಸಿದ್ದ ಒಂದು ಆಸರೆಮನೆಗೆ ಬೆಂಕಿ ಬಿದ್ದು, ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಮಂದಿ ಓಡಲಾಗದೆ ಸತ್ತಿದ್ದರು. ಎರಡನ್ನೂ ನೆನಪಿಟ್ಟುಕೊಂಡು ಮಾತಾಡಬೇಕು. ಆಸರೆ ಸಿಕ್ಕರೆ ಆ ಒಂದು ಏರಿಳಿತ ಕಳೆಯಬಹುದು. ಮುಂದಿನದನ್ನು ತಡೆಯುವುದು ಬೇರೆಯೇ ಕೆಲಸ, ಅದು ನಡೆಯಬೇಕಾದದ್ದು ಎಲ್ಲವೂ ಸರಿಯಾಗಿ ಕಾಣುವ ಹೊತ್ತಿನಲ್ಲಿ. ಗುಳಿಗೆಯ ವಿಷಯದಲ್ಲೂ ಇದೇ ಭ್ರಮೆ ಕಾಡುತ್ತದೆ. ಗುಣವಾಯಿತು, ಇನ್ನೇಕೆ ಎಂದು ನಿಲ್ಲಿಸುತ್ತಾರೆ. ದೇವಸ್ಥಾನವನ್ನು ನಂಬಿದವರೂ ದವಾಖಾನೆಯನ್ನು ನಂಬಿದವರೂ ಎಡವುವುದು ಒಂದೇ ಜಾಗದಲ್ಲಿ.

ಕನ್ನಡದಲ್ಲಿ ಮನೋರೋಗದ ಬಗ್ಗೆ ಸಾಮಾನ್ಯ ಓದುಗರಿಗಾಗಿ ಬರೆದವರ ಪರಂಪರೆ ದೊಡ್ಡದು, ಹೆಮ್ಮೆಪಡುವಂಥದ್ದು. ‘ಕೊರವಂಜಿ’ಯ ಸಂಪಾದಕರಾಗಿದ್ದ ಡಾ. ಎಂ. ಶಿವರಾಂ, ಅಂದರೆ ನಮ್ಮ ರಾಶಿ, ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮನೋವೈದ್ಯಕೀಯದ ಪುಸ್ತಕವೊಂದಕ್ಕೆ ಸಾಹಿತ್ಯದ ಆ ಗೌರವ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ನೂರಾರು ಪುಸ್ತಕ ಬರೆದು, ಹಳ್ಳಿ ಶಾಲೆಯ ಮಾಸ್ತರರೂ ಓದಬಲ್ಲ ಭಾಷೆಯಲ್ಲಿ ಮನೋರೋಗದ ಲಕ್ಷಣ, ಕಾರಣ, ಚಿಕಿತ್ಸೆಗಳನ್ನು ತಿಳಿಸಿದರು. ದೆವ್ವದ ಭಯವನ್ನು ಇಳಿಸಿದ್ದು, ಮನೋರೋಗಕ್ಕೂ ಔಷಧಿ ಇದೆ ಎಂಬ ತಿಳಿವಳಿಕೆಯನ್ನು ಮನೆಮನೆಗೆ ಮುಟ್ಟಿಸಿದ್ದು ಈ ಬರಹಗಳ ಸಾಧನೆ. ಅವುಗಳ ಮಿತಿಯೂ ಅವುಗಳ ಉದ್ದೇಶದಲ್ಲೇ ಇದೆ. ವೈದ್ಯರು ಬರೆಯುವುದು ತಮ್ಮ ಕೋಣೆಗೆ ಬಂದ ರೋಗಿಯನ್ನು ನೋಡಿ. ರೋಗಿ ಅಲ್ಲಿಗೆ ಬರುವುದು ಕಾಯಿಲೆ ಹೆಚ್ಚಾದಾಗ. ಗುಣವಾದ ಮೇಲೆ ಆತ ಎಲ್ಲಿ ಹೋದ, ಕೆಲಸ ಸಿಕ್ಕಿತೇ, ನೆಂಟರು ಹೇಗೆ ಮಾತಾಡಿಸಿದರು, ನಾಲ್ಕನೇ ವರ್ಷ ಗುಳಿಗೆಯ ಡಬ್ಬಿ ತೆರೆಯುವಾಗ ಅವನಿಗೆ ಏನನ್ನಿಸಿತು ಎಂಬುದು ಆ ಕೋಣೆಯಿಂದ ಕಾಣುವುದಿಲ್ಲ. ಅದನ್ನು ಹೇಳಬಲ್ಲವರು ಅನುಭವಿಸಿದವರು ಮತ್ತು ಅವರ ಜೊತೆ ಬದುಕಿದವರು.

ಆದರೆ ಕನ್ನಡದ ಕಾದಂಬರಿಯೊಂದು ಈ ಜಾಗವನ್ನು ಬಹಳ ಹಿಂದೆಯೇ ಮುಟ್ಟಿತ್ತು. ತ್ರಿವೇಣಿಯವರ (1928–1963) ‘ಶರಪಂಜರ’ ಹೆರಿಗೆಯ ನಂತರ ಮಾನಸಿಕ ಅಸ್ವಸ್ಥತೆಗೆ ಒಳಗಾದ ಕಾವೇರಿಯ ಕಥೆ. ಪುಟ್ಟಣ್ಣ ಕಣಗಾಲರು ಕಲ್ಪನಾ ಅವರನ್ನಿಟ್ಟು ಮಾಡಿದ ಸಿನಿಮಾದಿಂದ ಅದು ಎಲ್ಲರ ನೆನಪಿನಲ್ಲಿದೆ, ಆದರೆ ನೆನಪಿನಲ್ಲಿ ಉಳಿದಿರುವುದು ಹೆಚ್ಚಾಗಿ ಹುಚ್ಚಿನ ದೃಶ್ಯಗಳು. ಕಾದಂಬರಿಯ ನಿಜವಾದ ವಿಷಯ ಕಾವೇರಿ ಗುಣವಾಗಿ ಮನೆಗೆ ಬಂದ ಮೇಲಿನ ದಿನಗಳು. ಅವಳು ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. ಗಂಡ ದೂರವಾಗುತ್ತಾನೆ, ನೆರೆಹೊರೆ ಕಣ್ಣಿಟ್ಟು ನೋಡುತ್ತದೆ. ಕಾಯಿಲೆಯಿಂದ ಎದ್ದವಳನ್ನು ಮತ್ತೆ ಬೀಳಿಸುವುದು ಮನೆ. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ ಇದನ್ನು ಕಂಡ ಬಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಹೆರಿಗೆಯ ನಂತರದ ತೀವ್ರ ಮನೋವಿಕಾರಕ್ಕೂ ಬೈಪೋಲಾರ್ ಕಾಯಿಲೆಗೂ ಹತ್ತಿರದ ನಂಟಿದೆ ಎಂಬುದು ಇಂದಿನ ಮನೋವೈದ್ಯಕೀಯದ ತಿಳಿವಳಿಕೆ. ಅಂಥ ತಾಯಂದಿರನ್ನು ಮಗುವಿನ ಜೊತೆಯಲ್ಲೇ ದಾಖಲಿಸಿಕೊಳ್ಳುವ ಘಟಕ ನಿಮ್ಹಾನ್ಸ್‌ನಲ್ಲಿ 2009ರಲ್ಲಿ ಶುರುವಾಯಿತು. ಕಾವೇರಿಗೆ ಬೈಪೋಲಾರ್ ಇತ್ತು ಎಂದು ಈಗ ಚೀಟಿ ಅಂಟಿಸುವುದು ಸರಿಯಲ್ಲ, ಕಾದಂಬರಿಯ ಪಾತ್ರಕ್ಕೆ ರೋಗನಿರ್ಣಯ ಬೇಕಿಲ್ಲ. ಆದರೆ ಒಂದು ಮಾತು ಹೇಳಲೇಬೇಕು. ಕಾವೇರಿ ಕೊನೆಗೆ ಆಸ್ಪತ್ರೆಗೇ ಹಿಂದಿರುಗುತ್ತಾಳೆ. ಸಮಾಜದ ಮೇಲಿನ ಆರೋಪಪಟ್ಟಿಯಾಗಿ ಅದು ಬಲವಾದ ಅಂತ್ಯ. ಅದೇ ಕಾಯಿಲೆಯಿಂದ ಎದ್ದು ಕೂತ ಓದುಗರಿಗೆ ಮಾತ್ರ ಅದು ಬಾಗಿಲು ಮುಚ್ಚುತ್ತದೆ. ಗುಣವಾದ ಕಾವೇರಿ ಮನೆಯಲ್ಲೇ ಉಳಿದು ಹತ್ತು ವರ್ಷ ಬದುಕಿದ ಕಥೆ ನಮಗೆ ಇನ್ನೂ ಬೇಕಾಗಿದೆ.

ಹಾಗೆ ಬದುಕಿದವರ ಕಥೆಗಳಲ್ಲಿ ಎಲ್ಲರೂ ಮೊದಲು ಹೆಸರಿಸುವುದು ಕೇ ರೆಡ್‌ಫೀಲ್ಡ್ ಜಮಿಸನ್ ಅವರ ‘ಆ್ಯನ್ ಅನ್‌ಕ್ವೈಯಟ್ ಮೈಂಡ್’ (1995). ಜಮಿಸನ್ ಈ ಕಾಯಿಲೆಯ ತಜ್ಞೆ. ಫ್ರೆಡರಿಕ್ ಗುಡ್ವಿನ್ ಜೊತೆ 1990ರಲ್ಲಿ ಹೊರತಂದ ಇದೇ ಕಾಯಿಲೆಯ ಬೃಹತ್ ಪಠ್ಯಗ್ರಂಥಕ್ಕೆ ಸಹಲೇಖಕಿ. ಐದು ವರ್ಷದ ಬಳಿಕ ತಾನೂ ರೋಗಿಯೇ ಎಂದು ಲೋಕಕ್ಕೆ ತಿಳಿಸಿದರು. ಆ ಪುಸ್ತಕದ ಉನ್ಮಾದದ ವರ್ಣನೆಗಳು ಪ್ರಸಿದ್ಧ, ಆದರೆ ಅದರ ತೂಕ ಇರುವುದು ಲಿಥಿಯಂ ಎಂಬ ಔಷಧಿಯ ಜೊತೆಗಿನ ಜಗಳದಲ್ಲಿ. ಆಸ್ಟ್ರೇಲಿಯಾದ ಜಾನ್ ಕೇಡ್ 1949ರಲ್ಲಿ ಲಿಥಿಯಂನ ಗುಣವನ್ನು ವರದಿ ಮಾಡಿದ್ದರು, ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟದ್ದು 1970ರಲ್ಲಿ. ಆ ಔಷಧಿಯನ್ನು ರೋಗಿಗಳಿಗೆ ಬೋಧಿಸುತ್ತಿದ್ದ ಜಮಿಸನ್ ಸ್ವತಃ ಅದನ್ನು ಬಿಟ್ಟು, ಮತ್ತೆ ಹಿಡಿದು, ಮತ್ತೆ ಬಿಟ್ಟರು. ವಾಂತಿ, ಕೈನಡುಕ ಇದ್ದವು. ಅದಕ್ಕಿಂತ ಹೆಚ್ಚಾಗಿ, ಓದುವ ಶಕ್ತಿಯೇ ವರ್ಷಗಟ್ಟಲೆ ಕುಂದಿತು. ಉನ್ಮಾದದ ಆರಂಭದ ಸುಖವನ್ನು ಕಳೆದುಕೊಳ್ಳುವ ಸಂಕಟವೂ ಸೇರಿತ್ತು. ಅದೇ ಲಿಥಿಯಂ ಅನ್ನು ಮಿತಿಮೀರಿ ನುಂಗಿ ಸಾಯಲು ಯತ್ನಿಸಿದ ಸಂಗತಿಯನ್ನೂ ಮುಚ್ಚಿಡಲಿಲ್ಲ. ಗುಳಿಗೆ ತೆಗೆದುಕೊಳ್ಳದವರನ್ನು ಹಟಮಾರಿ, ತಿಳಿಗೇಡಿ ಎಂದು ಬಯ್ಯುವ ಮನೆಯವರು ಈ ಭಾಗ ಓದಬೇಕು. ಎಲ್ಲ ತಿಳಿದ ತಜ್ಞೆಗೇ ಅಷ್ಟು ಕಷ್ಟವಾಯಿತೆಂದರೆ, ವೈದ್ಯರು ಏನೂ ವಿವರಿಸದೆ ಚೀಟಿ ಬರೆದುಕೊಟ್ಟ ರೋಗಿಗೆ ಕಷ್ಟವಾಗದೆ ಇದ್ದೀತೇ?

ಆದರೆ ಲಾಸ್ ಏಂಜಲೀಸ್‌ನಲ್ಲೂ ಬಾಲ್ಟಿಮೋರ್‌ನಲ್ಲೂ ದುಡಿದವರ ಪುಸ್ತಕ ಮರಾಠವಾಡದ ಬೇಸಿಗೆಯ ಬಗ್ಗೆ ಏನೂ ಹೇಳದು. ಲಿಥಿಯಂ ಒಂದು ಲವಣ, ಮೂತ್ರಪಿಂಡದ ಮೂಲಕ ಹೊರಹೋಗುತ್ತದೆ. ಮೈಯಲ್ಲಿ ನೀರು, ಉಪ್ಪು ಕಡಿಮೆಯಾದರೆ ಅದರ ಮಟ್ಟ ರಕ್ತದಲ್ಲಿ ಏರುತ್ತದೆ. ಗುಣ ಕೊಡುವ ಮಟ್ಟಕ್ಕೂ ವಿಷವಾಗುವ ಮಟ್ಟಕ್ಕೂ ಅಂತರ ಕಿರಿದು. ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಕಾಯ್ದುಕೊಳ್ಳುತ್ತಾರೆ, 1.5 ದಾಟಿದರೆ ಅಪಾಯ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಲ್ಲಿ ಹೊಲದಲ್ಲಿ ದುಡಿಯುವವರಿಗೆ, 2016ರಲ್ಲಿ ರೈಲಿನಲ್ಲಿ ನೀರು ತರಿಸಿಕೊಳ್ಳಬೇಕಾಗಿ ಬಂದ ಲಾತೂರು ಜಿಲ್ಲೆಯವರಿಗೆ, ಇದು ಪುಸ್ತಕದ ಅಡಿಟಿಪ್ಪಣಿಯಲ್ಲಿ ಬರುವ ಮಾತಾಗಬಾರದು. ಮೈಕೈ ನೋವಿಗೆ ಅಂಗಡಿಯಲ್ಲಿ ಕೇಳಿ ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಗುಳಿಗೆಗಳೂ ಲಿಥಿಯಂ ಮಟ್ಟವನ್ನು ಏರಿಸುತ್ತವೆ. ನೀರನ್ನೂ ಮುಟ್ಟದ ಉಪವಾಸ, ವಾಂತಿಭೇದಿಯ ಜ್ವರ, ಎಲ್ಲವೂ ವೈದ್ಯರಿಗೆ ಹೇಳಬೇಕಾದ ಸಂಗತಿಗಳು. ನಿದ್ದೆಗೆಟ್ಟರೆ ಉನ್ಮಾದ ಕೆರಳುತ್ತದೆ ಎಂಬುದು ಎಲ್ಲ ಪುಸ್ತಕಗಳಲ್ಲೂ ಇದೆ. ಆದರೆ ಇಲ್ಲಿ ನಿದ್ದೆ ಕೆಡಿಸುವುದು ಭಜನೆಯ ಜಾಗರಣೆ, ಜಾತ್ರೆ, ರಾತ್ರಿ ಪಾಳಿಯ ಕರೆಂಟಿಗಾಗಿ ಕಾದು ಹೊಲಕ್ಕೆ ನೀರು ಬಿಡುವ ಕೆಲಸ. ಇದಕ್ಕೆ ಪರೀಕ್ಷೆಯ ಓದೂ ಸೇರಬೇಕು. ಈ ತಾಲೂಕುಗಳ ಹುಡುಗ ಹುಡುಗಿಯರು ಹದಿನಾರು ಹದಿನೇಳನೇ ವಯಸ್ಸಿಗೆ ‘ಲಾತೂರು ಪ್ಯಾಟರ್ನ್’ನ ಕೋಚಿಂಗ್ ತರಗತಿಗಳಿಗೆ ಹೋಗಿ ಕೋಣೆ ಹಿಡಿಯುತ್ತಾರೆ. ಈ ಕಾಯಿಲೆ ಮೊದಲು ತಲೆಹಾಕುವುದೂ ಹೆಚ್ಚಾಗಿ ಹದಿಹರೆಯದ ಕೊನೆಯಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ. ಎರಡು ದಿನ ನಿದ್ದೆ ಮಾಡದೆ ಹುರುಪಿನಿಂದ ಓದುವ ಮಗುವನ್ನು ಕಂಡು ಹೆತ್ತವರು ಹೆಮ್ಮೆಪಡುವ ಸಂದರ್ಭ ಅದು. ಹೊರಗಿನ ಪುಸ್ತಕವನ್ನು ಕನ್ನಡಕ್ಕೆ ತಂದರಷ್ಟೇ ಸಾಲದು ಎನ್ನುವುದಕ್ಕೆ ಇವೆಲ್ಲ ಕಾರಣಗಳು.

ಉನ್ಮಾದಕ್ಕೆ ಪುಟ ಹೆಚ್ಚು ಸಿಗುವುದರ ಹಿಂದೆ ಒಂದು ಆಕರ್ಷಣೆಯೂ ಇದೆ. ಪ್ರತಿಭೆಗೂ ಹುಚ್ಚಿಗೂ ನಂಟು ಕಟ್ಟುವ ಆಸೆ ಅದು. ಜಮಿಸನ್ ಅವರೇ ‘ಟಚ್ಡ್ ವಿತ್ ಫೈರ್’ನಲ್ಲಿ (1993) ಕವಿ, ಕಲಾವಿದರ ಬದುಕನ್ನು ಈ ದೃಷ್ಟಿಯಿಂದ ನೋಡಿದರು. ನ್ಯಾನ್ಸಿ ಆಂಡ್ರಿಯಾಸನ್ 1987ರಲ್ಲಿ ಅಯೋವಾದ 30 ಲೇಖಕರನ್ನು ಬೇರೆ ವೃತ್ತಿಯ 30 ಮಂದಿಯೊಂದಿಗೆ ಹೋಲಿಸಿ, ಲೇಖಕರಲ್ಲಿ ಶೇ. 80ರಷ್ಟು ಮಂದಿಗೆ ಭಾವವಿಕಾರದ ಕಾಯಿಲೆ ಇತ್ತೆಂದರು. ಸಣ್ಣ ಸಂಖ್ಯೆ, ಸಂದರ್ಶಿಸಿದವರು ಒಬ್ಬರೇ, ಯಾರು ಲೇಖಕರೆಂದು ಅವರಿಗೆ ಮೊದಲೇ ಗೊತ್ತಿತ್ತು. ಆದ್ದರಿಂದ ಅದರ ಮೇಲೆ ಹೆಚ್ಚು ಭಾರ ಹೇರಲಾಗದು. ಸ್ವೀಡನ್ನಿನ ಸೈಮನ್ ಕ್ಯಾಗ ಮತ್ತು ಸಂಗಡಿಗರು ಸರ್ಕಾರಿ ದಾಖಲೆಗಳಿಂದ ಮೂರು ಲಕ್ಷ ರೋಗಿಗಳ ಲೆಕ್ಕ ತೆಗೆದು 2011ರಲ್ಲಿ ಪ್ರಕಟಿಸಿದ ಅಧ್ಯಯನ ಹೆಚ್ಚು ಗಟ್ಟಿ. ಬೈಪೋಲಾರ್ ಇರುವವರು ಸೃಜನಶೀಲ ವೃತ್ತಿಗಳಲ್ಲಿ ಹೆಚ್ಚಾಗಿ ಕಂಡರು, ನಿಜ. ಆದರೆ ಕಾಯಿಲೆ ಇಲ್ಲದ ಅವರ ಒಡಹುಟ್ಟಿದವರೂ ಹೆಚ್ಚಾಗಿಯೇ ಕಂಡರು. ಅಲ್ಲಿಗೆ ಪ್ರತಿಭೆ ಕುಟುಂಬದ್ದು ಎನ್ನಬಹುದೇ ಹೊರತು ಕಾಯಿಲೆಯ ಕೊಡುಗೆ ಎನ್ನಲಾಗದು. ಈ ವಾದಕ್ಕೆ ನಮ್ಮ ಕಡೆಯಿಂದ ಒಂದು ಆಕ್ಷೇಪ ಬರುತ್ತದೆ. ಅವಧೂತರನ್ನು ಕೈಮುಗಿದು ಕಂಡ ನಾಡಿದು. ಉಮರ್ಗಾದಿಂದ ಹೆದ್ದಾರಿಯಲ್ಲಿ ಗಡಿ ದಾಟಿದರೆ ಬಸವಕಲ್ಯಾಣದ ಸೀಮೆ, ಲೋಕದ ಮರ್ಯಾದೆಯನ್ನು ಮೀರಿ ನಡೆದ ಅಕ್ಕನನ್ನು ಅನುಭವಮಂಟಪ ಬರಮಾಡಿಕೊಂಡ ನೆಲ. ಅಂಥಲ್ಲಿ ಎಲ್ಲವನ್ನೂ ಕಾಯಿಲೆ ಎನ್ನುವುದು ಬಡತನವಲ್ಲವೇ ಎಂಬುದು ಆ ಆಕ್ಷೇಪ. ಅದರಲ್ಲಿ ಹುರುಳಿದೆ. ಶರಣರ ಬದುಕಿಗೆ ರೋಗದ ಹೆಸರು ಕೊಡುವ ಹಕ್ಕು ಯಾರಿಗೂ ಇಲ್ಲ. ಆದರೆ ಅದೇ ಗೌರವವನ್ನು ತಿರುಗುಮುರುಗಾಗಿಸಿ, ಮೂರು ರಾತ್ರಿ ನಿದ್ದೆಯಿಲ್ಲದೆ ಹೊಲ ಮಾರಲು ಹೊರಟವನಿಗೆ ಮೈಮೇಲೆ ದೇವರು ಬಂದಿದೆ ಎಂದು ಸುಮ್ಮನಿದ್ದರೆ, ಬೆಳಗಾದ ಮೇಲೆ ಸಾಲ ತೀರಿಸಬೇಕಾದವರು ಅವನ ಹೆಂಡತಿ ಮಕ್ಕಳು. ವಚನಕಾರರಿಂದ ಇಲ್ಲಿ ಕಲಿಯಬೇಕಾದ ಪಾಠವೇ ಬೇರೆ. ತನ್ನೊಳಗೆ ನಡೆದದ್ದನ್ನು ತನ್ನ ಮಾತಿನಲ್ಲಿ, ತನ್ನ ಕಸುಬಿನ ನುಡಿಯಲ್ಲಿ, ನಾಲ್ಕು ಜನರ ನಡುವೆ ನಾಚಿಕೆಯಿಲ್ಲದೆ ಹೇಳಿಕೊಳ್ಳುವ ರೂಢಿಯನ್ನು ಅವರು ಹುಟ್ಟುಹಾಕಿದ್ದರು.

ಮನೆಯವರ ಕಣ್ಣಿನಿಂದ ಬರೆದ ಭಾರತೀಯ ಪುಸ್ತಕಗಳಲ್ಲಿ ಜೆರ್ರಿ ಪಿಂಟೊ ಅವರ ‘ಎಮ್ ಆ್ಯಂಡ್ ದ ಬಿಗ್ ಹೂಮ್’ (2012) ಬೇರೆಲ್ಲಕ್ಕಿಂತ ಮುಂದೆ ನಿಲ್ಲುತ್ತದೆ. 2016ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಇಂಗ್ಲಿಷ್ ಕಾದಂಬರಿಯಲ್ಲಿ ಮುಂಬೈಯ ಮಾಹಿಮ್‌ನ ಒಂದು ಪುಟ್ಟ ಫ್ಲ್ಯಾಟಿನಲ್ಲಿ ಗಂಡ, ಮಗಳು, ಮಗ ಸೇರಿ ಉನ್ಮಾದ-ಖಿನ್ನತೆಯ ತಾಯಿಯೊಂದಿಗೆ ಬದುಕುತ್ತಾರೆ. ಇಲ್ಲೂ ಕಾಯಿಲೆ ಶುರುವಾದದ್ದು ಹೆರಿಗೆಯ ನಂತರವೇ. ತಾಯಿ ಬೀಡಿ ಸೇದುತ್ತಾಳೆ, ಚಹಾ ಕೇಳುತ್ತಾಳೆ, ಮಕ್ಕಳ ಮುಂದೆ ಆಡಬಾರದ ಮಾತಾಡುತ್ತಾಳೆ, ನಗಿಸುತ್ತಾಳೆ, ಸಾಯಲು ಯತ್ನಿಸುತ್ತಾಳೆ. ತಂದೆ ದಿನಾ ಕೆಲಸಕ್ಕೆ ಹೋಗುತ್ತಾನೆ, ಅಡುಗೆ ಮಾಡುತ್ತಾನೆ, ಜೆ.ಜೆ. ಆಸ್ಪತ್ರೆಯ ವಾರ್ಡಿಗೆ ಓಡಾಡುತ್ತಾನೆ. ಇಲ್ಲಿ ದೊಡ್ಡದೆಂದರೆ ಆ ದಿನನಿತ್ಯ. ತಾಯಿಯ ಕಾಯಿಲೆ ತನಗೂ ಬಂದೀತೆಂಬ ಮಗನ ಭಯ, ಅವಳ ಮೇಲಿನ ಕೋಪ, ಕೋಪಕ್ಕೆ ನಾಚಿಕೆ, ಎಲ್ಲವೂ ಒಟ್ಟಿಗೆ ಬರುತ್ತವೆ. ನೋಡಿಕೊಳ್ಳುವವರನ್ನು ತ್ಯಾಗಮೂರ್ತಿಗಳೆಂದು ಹೊಗಳಿ ಸುಮ್ಮನಾಗಿಸುವ ನಮ್ಮ ಅಭ್ಯಾಸಕ್ಕೆ ಈ ಕಾದಂಬರಿ ಸರಿಯಾದ ಉತ್ತರ. ಅವರಿಗೂ ಸಿಟ್ಟು ಬರುತ್ತದೆ, ದಣಿವಾಗುತ್ತದೆ ಎಂದು ಒಪ್ಪಿಕೊಂಡರೆ ಮಾತ್ರ ಅವರಿಗೆ ಬೇಕಾದ ನೆರವಿನ ಮಾತು ಶುರುವಾಗುತ್ತದೆ. ಪಿಂಟೊ ಅವರೇ ಇಂಗ್ಲಿಷಿಗೆ ತಂದ ಸ್ವದೇಶ್ ದೀಪಕ್ ಅವರ ಹಿಂದಿ ಆತ್ಮಕಥನ ‘ಮೈಂನೇ ಮಾಂಡೂ ನಹೀಂ ದೇಖಾ’ (2003) ಇನ್ನೊಂದು ತುದಿಯ ಪುಸ್ತಕ. ‘ಕೋರ್ಟ್ ಮಾರ್ಷಲ್’ ನಾಟಕ ಬರೆದ, ಅಂಬಾಲಾದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ದೀಪಕ್, ತನ್ನ ಕಾಯಿಲೆಗೆ ಒಬ್ಬ ಹೆಣ್ಣಿನ ಶಾಪ ಕಾರಣವೆಂದು ನಂಬುತ್ತಲೇ ಆಸ್ಪತ್ರೆಯ ಚಿಕಿತ್ಸೆಯನ್ನೂ ಪಡೆದರು. ಮಾಟ, ಶಾಪ ಎಂಬ ವಿವರಣೆ ಅಕ್ಷರ ಬಾರದವರದ್ದು ಎಂದುಕೊಂಡವರು ಈ ಪುಸ್ತಕ ಓದಬೇಕು. ಎರಡು ವಿವರಣೆಗಳು ಒಂದೇ ತಲೆಯಲ್ಲಿ ಕೂಡಿ ಬಾಳಬಲ್ಲವು, ಗುಳಿಗೆ ಕೊಡಲು ಶಾಪದ ನಂಬಿಕೆ ಬಿಡಿಸುವವರೆಗೆ ಕಾಯಬೇಕಿಲ್ಲ. ದೀಪಕ್ 2006ರ ಜೂನ್‌ನಲ್ಲಿ ಬೆಳಗಿನ ವಾಯುವಿಹಾರಕ್ಕೆಂದು ಹೋದವರು ಮನೆಗೆ ಮರಳಲಿಲ್ಲ.

ಗುಳಿಗೆಯ ಪರವಾಗಿ ಇಷ್ಟು ಹೇಳುವಾಗ ಅದನ್ನು ವಿರೋಧಿಸಿ ಬರೆದವರನ್ನು ಬಿಡುವಂತಿಲ್ಲ. ಅಮೆರಿಕದ ಸ್ತ್ರೀವಾದಿ ಚಿಂತಕಿ ಕೇಟ್ ಮಿಲೆಟ್ ಲಿಥಿಯಂ ನಿಲ್ಲಿಸಿ, ಅದರ ಪರಿಣಾಮವನ್ನು ‘ದ ಲೂನಿ-ಬಿನ್ ಟ್ರಿಪ್’ನಲ್ಲಿ (1990) ಬರೆದರು. ಒಮ್ಮೆ ರೋಗಿ ಎನಿಸಿಕೊಂಡವರ ಪ್ರತಿ ಮಾತನ್ನೂ ಸುತ್ತಲಿನವರು ಕಾಯಿಲೆಯ ಲಕ್ಷಣವಾಗಿ ಓದುತ್ತಾರೆ, ಪ್ರೀತಿಯ ಹೆಸರಿನಲ್ಲಿ ಕೂಡಿಹಾಕುತ್ತಾರೆ ಎಂಬುದು ಅವರ ದೂರು. ಅದು ಕಾವೇರಿಯ ದೂರೂ ಹೌದು. ಮಿಲೆಟ್ ಅವರ ವೈದ್ಯಕೀಯ ನಿಲುವನ್ನು ನಾನು ಒಪ್ಪಲಾರೆ. ಲಿಥಿಯಂ ಮರುಕಳಿಕೆಯನ್ನೂ ಆತ್ಮಹತ್ಯೆಯ ಅಪಾಯವನ್ನೂ ತಗ್ಗಿಸುತ್ತದೆ ಎಂಬುದಕ್ಕೆ ಪುರಾವೆ ಗಟ್ಟಿಯಾಗಿದೆ. ಆದರೆ ಅವರ ನೈತಿಕ ಪ್ರಶ್ನೆಗೆ ಬಯ್ಗುಳದಿಂದ ಉತ್ತರ ಕೊಡಲಾಗದು. ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಆ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡಿದೆ. 2018ರ ಮೇ 29ರಿಂದ ಜಾರಿಯಲ್ಲಿರುವ ಈ ಕಾಯ್ದೆಯಂತೆ ಯಾವ ವಯಸ್ಕರೂ, ಮುಂದೆ ಕಾಯಿಲೆ ಉಲ್ಬಣಿಸಿದರೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ನಿರ್ಧರಿಸಬೇಕು ಎಂದು ಮುಂಚಿತವಾಗಿ ಬರೆದಿಡಬಹುದು. ಹಾಗೆ ಬರೆಯಲು ಆಗುವುದು ನಡುವಿನ ದಿನಗಳಲ್ಲಿ ಮಾತ್ರ. ಉನ್ಮಾದ ಬಂದರೆ ಎ.ಟಿ.ಎಂ. ಕಾರ್ಡು, ಜಮೀನಿನ ಕಾಗದ ಯಾರ ಕೈಯಲ್ಲಿರಬೇಕು, ಎಷ್ಟು ರಾತ್ರಿ ನಿದ್ದೆ ತಪ್ಪಿದರೆ ವೈದ್ಯರಿಗೆ ಫೋನ್ ಮಾಡಬೇಕು ಎಂಬ ಮನೆಯೊಳಗಿನ ಒಪ್ಪಂದಕ್ಕೂ ಇದೇ ಹೊತ್ತು. ಮಗು ಹೆರುವ ವಯಸ್ಸಿನ ಹೆಣ್ಣುಮಕ್ಕಳು ಇದೇ ಕಾಯಿಲೆಗೆ ಕೊಡುವ ವಾಲ್ಪ್ರೋಯೇಟ್ ಗುಳಿಗೆ ನುಂಗುತ್ತಿದ್ದರೆ ಬಸಿರಿಗೆ ಮೊದಲೇ ವೈದ್ಯರ ಬಳಿ ಮಾತಾಡಬೇಕು, ಅದು ಭ್ರೂಣಕ್ಕೆ ಹಾನಿಕರ. ಈ ಮಾತೂ ಬಸಿರಾದ ಮೇಲೆ ಆಡಿದರೆ ತಡವಾಯಿತು.

ಇನ್ನು ಎರಡು ಆಕ್ಷೇಪಗಳಿವೆ. ಒಂದು, ಇವೆಲ್ಲ ಉಳ್ಳವರ ಪುಸ್ತಕಗಳು. ಶ್ರೀವತ್ಸ ನೆವಾಟಿಯಾ ಅವರ ‘ಹೌ ಟು ಟ್ರಾವೆಲ್ ಲೈಟ್’ (2017) ಇಂಗ್ಲಿಷ್ ಪತ್ರಕರ್ತರೊಬ್ಬರ ಕಥೆ, ಅಪರ್ಣಾ ಪಿರಾಮಲ್ ರಾಜೆ ಅವರ ‘ಕೆಮಿಕಲ್ ಖಿಚಡಿ’ (2022) ಮುಂಬೈಯ ಉದ್ಯಮಿ ಮನೆತನದ ಕಥೆ. ಕೂಲಿಗೆ ಹೋಗುವ ಮನೆಗೆ ಅವುಗಳಿಂದ ಏನು ಉಪಯೋಗ? ಹಣದ ವಿಷಯದಲ್ಲಿ ಆಕ್ಷೇಪ ನಿಜ. ಆದರೆ ರಾಜೆ ಅವರ ಪುಸ್ತಕ ಔಷಧಿಯ ಜೊತೆಗೆ ಕುಟುಂಬ, ಗೆಳೆಯರು, ಕೆಲಸ, ದಿನಚರಿ ಎಲ್ಲವೂ ಸೇರಿ ಆರೈಕೆಯಾಗುತ್ತದೆ ಎಂದು ತೋರಿಸುತ್ತದೆ. ಕಾಯಿಲೆ ಇಟ್ಟುಕೊಂಡೇ ದುಡಿದು ಬಾಳುವ ಚಿತ್ರ ಅದರಲ್ಲಿದೆ, ‘ಶರಪಂಜರ’ದ ಅಂತ್ಯಕ್ಕೆ ಎದುರಾಗಿ ಇಡಬೇಕಾದ ಚಿತ್ರ. ಲಿಥಿಯಂ ಕೂಡ ದುಬಾರಿಯಲ್ಲ, ಭಾರತದ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಇಲ್ಲಿ ದುಬಾರಿಯಾಗಿರುವುದು ರಕ್ತಪರೀಕ್ಷೆಗಾಗಿ ಕಳೆಯುವ ದಿನದ ಕೂಲಿ ಮತ್ತು ಬಸ್ಸಿನ ಖರ್ಚು. ಇನ್ನೊಂದು ಆಕ್ಷೇಪ ವೈದ್ಯರಿಂದ ಬರುತ್ತದೆ. ಪುಸ್ತಕ ಓದಿ ಯಾರೂ ಗುಣವಾಗುವುದಿಲ್ಲ, ತಾವೇ ರೋಗನಿರ್ಣಯ ಮಾಡಿಕೊಂಡು ಕೆಡುತ್ತಾರೆ ಎಂದು. ಓದು ಔಷಧಿಗೆ ಬದಲಿಯಾಗಲಾರದು, ಒಪ್ಪಿದೆ. ತಿಳಿವಳಿಕೆಗೆ ಔಷಧಿಯ ಜೊತೆ ನಿಲ್ಲುವ ಬಲ ಇದೆಯೇ ಎಂಬುದಕ್ಕೆ ಮಾತ್ರ ಪರೀಕ್ಷೆ ನಡೆದಿದೆ. ಬಾರ್ಸೆಲೋನಾದ ಫ್ರಾನ್ಸೆಸ್ಕ್ ಕೊಲೊಮ್, ಎಡ್ವರ್ಡ್ ವಿಯೇಟಾ ಮತ್ತು ಸಂಗಡಿಗರು ಔಷಧಿ ತೆಗೆದುಕೊಳ್ಳುತ್ತಿದ್ದ, ಆ ಹೊತ್ತಿಗೆ ಆರಾಮವಾಗಿದ್ದ 120 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಕಾಯಿಲೆಯ ಬಗ್ಗೆ 21 ಬೈಠಕ್‌ಗಳಲ್ಲಿ ಪಾಠ ಹೇಳಿದರು. ಉಳಿದವರು ಪಾಠವಿಲ್ಲದೆ ಬರೀ ಕೂಡಿ ಮಾತಾಡಿದರು. ಪಾಠ ಕೇಳಿದವರಲ್ಲಿ ಮರುಕಳಿಕೆ ಗಣನೀಯವಾಗಿ ಕಡಿಮೆಯಾಯಿತೆಂದು 2003ರಲ್ಲಿ ಪ್ರಕಟವಾಯಿತು. ಆರಾಮವಾಗಿದ್ದವರಿಗೇ ಪಾಠ ಮಾಡಿದ್ದನ್ನು ಗಮನಿಸಬೇಕು.

ಈ ಸೀಮೆಯಲ್ಲಿ ಮೌನಕ್ಕೆ ದೊಡ್ಡ ಕಾರಣ ಸೋಯರಿಕೆ. ಅಣ್ಣನಿಗೆ ಹೀಗಂತೆ ಎಂದು ಗೊತ್ತಾದರೆ ತಂಗಿಯ ಮದುವೆ ನಿಲ್ಲುತ್ತದೆ ಎಂಬ ಭಯ ಸುಳ್ಳಲ್ಲ. ಕಾಯಿಲೆ ವಂಶದಲ್ಲಿ ಹರಿಯುವ ಸಾಧ್ಯತೆಯೂ ಸುಳ್ಳಲ್ಲ. ಆದ್ದರಿಂದ ಹೆಸರು ಹಾಕಿ ಆತ್ಮಕಥೆ ಬರೆಯಿರಿ ಎಂದು ಯಾರನ್ನೂ ಒತ್ತಾಯಿಸುವುದು ಅನ್ಯಾಯ. ಪಿಂಟೊ ಕಾದಂಬರಿಯ ಮರೆಯಲ್ಲಿ ಬರೆದರು. ಬಳಿಕ ‘ಎ ಬುಕ್ ಆಫ್ ಲೈಟ್’ (2016) ಎಂಬ ಸಂಕಲನದಲ್ಲಿ ಮನೋರೋಗಿಗಳ ಜೊತೆ ಬದುಕಿದ ಹಲವರ ಬರಹಗಳನ್ನು ಕೂಡಿಸಿದರು. ಹೆಸರು ಮರೆಸಿ ಹಲವು ಮನೆಗಳ ಮಾತು ಕೂಡಿಸುವ ಅಂಥ ಸಂಕಲನ ಗಡಿನಾಡ ಕನ್ನಡಕ್ಕೆ ಒಪ್ಪುವ ರೂಪ. ಬೇಸಿಗೆಯ ಲಿಥಿಯಂ, ಜಾಗರಣೆಯ ರಾತ್ರಿ, ಗಾಣಗಾಪುರದ ವಾಸ, ಮದುವೆಯ ಮಾತುಕತೆ, ಕೋಚಿಂಗ್ ಕೋಣೆಯ ಮಗ, ಎಲ್ಲಕ್ಕೂ ಅದರಲ್ಲಿ ಜಾಗವಿರಬೇಕು. ಅದು ಯಾವ ಲಿಪಿಯಲ್ಲಿ ಬರಬೇಕು ಎಂಬುದೂ ಇಲ್ಲಿ ಸಣ್ಣ ಪ್ರಶ್ನೆಯಲ್ಲ. ಮನೆಯಲ್ಲಿ ಕನ್ನಡ ಆಡುವ ಈ ತಾಲೂಕುಗಳ ಮಕ್ಕಳಲ್ಲಿ ಬಹಳ ಮಂದಿ ಅಕ್ಷರ ಕಲಿತದ್ದು ಮರಾಠಿ ಶಾಲೆಯಲ್ಲಿ. ಅವರ ಅಜ್ಜಿಗೆ ಓದಲು ಬಾರದು, ಮೊಮ್ಮಗಳಿಗೆ ಕನ್ನಡ ಲಿಪಿ ಬಾರದು. ಹಾಗಾಗಿ ಕನ್ನಡದಲ್ಲಿ ಓದಿ ಹೇಳುವ ಧ್ವನಿಮುದ್ರಣ ಮುದ್ರಿತ ಪುಸ್ತಕದಷ್ಟೇ ಮುಖ್ಯ, ಮರಾಠಿಯಲ್ಲಿ ಈಗಾಗಲೇ ಇರುವುದನ್ನು ಬಳಸಿಕೊಳ್ಳುವುದೂ ಅಷ್ಟೇ ಮುಖ್ಯ. ಪಿಂಟೊ ಅವರ ಕಾದಂಬರಿಯನ್ನು ಶಾಂತಾ ಗೋಖಲೆ ಮರಾಠಿಗೆ ತಂದಿದ್ದಾರೆ. ಮಹಾರಾಷ್ಟ್ರದಲ್ಲಿ 1967ರ ಗ್ರಂಥಾಲಯ ಕಾಯ್ದೆಯಡಿ ಅನುದಾನ ಪಡೆಯುವ ಸಾರ್ವಜನಿಕ ವಾಚನಾಲಯಗಳು ಹಳ್ಳಿಹಳ್ಳಿಗಳಲ್ಲಿವೆ. ಆ ಕಪಾಟಿಗೆ ಒಂದು ಪ್ರತಿ ಸೇರಿದರೆ ಮೊಮ್ಮಗಳು ಮರಾಠಿಯಲ್ಲಿ ಓದಿ ಅಜ್ಜಿಗೆ ಕನ್ನಡದಲ್ಲಿ ಹೇಳಬಲ್ಲಳು. ಪಕ್ಕದಲ್ಲೇ ಗೋಡೆಗೆ 14416 ಎಂಬ ಸಂಖ್ಯೆಯನ್ನೂ ಬರೆಯಿಸಬೇಕು. 2022ರ ಅಕ್ಟೋಬರ್ 10ರಿಂದ ಇರುವ ಟೆಲಿ-ಮಾನಸ್ ಎಂಬ ಈ ಸರ್ಕಾರಿ ಸಹಾಯವಾಣಿಗೆ ಕರೆ ಉಚಿತ, ಅಲ್ಲಿ ಮರಾಠಿಯಲ್ಲೂ ಮಾತಾಡಬಹುದು, ಕನ್ನಡದಲ್ಲೂ ಮಾತಾಡಬಹುದು.